ಓಪಿಜಿ ತೆಗ್ಸಾಗಿದೆ, ಕೋರೆಹಲ್ಲಿಗೆ ಮತ್ತೆ ತ್ರೀಡಿ ಸ್ಕ್ಯಾನ್ ಬೇಕಾ?

ಬೆಳದಿಂಗಳು:
ಮಗಳಿಗೆ 13 ವರ್ಷ. ಮೇಲ್ಗಡೆ ಎಡಗಡೆ ಕೋರೆಹಲ್ಲು ಇನ್ನೂ ಬಂದಿಲ್ಲ, ಆ ಜಾಗದಲ್ಲಿ ಹಾಲುಹಲ್ಲೇ ಗಟ್ಟಿಯಾಗಿ ಕೂತಿದೆ. ಓಪಿಜಿ (ಇಡೀ ದವಡೆಯ ಎಕ್ಸ್‌ರೇ) ತೆಗ್ಸಿದ್ವಿ, ಹಲ್ಲು ಒಳಗೇ ಓರೆಯಾಗಿ ಮಲಗಿರೋದು ನಮ್ ಕಣ್ಣಿಗೇ ಕಾಣ್ಸುತ್ತೆ. ಈಗ ಕ್ಲಿಪ್ ಹಾಕೋ ಡಾಕ್ಟ್ರು ಸಿಬಿಸಿಟಿ ಅನ್ನೋ ತ್ರೀಡಿ ಸ್ಕ್ಯಾನ್ ಮಾಡ್ಸ್ಕೊಂಡ್ ಬನ್ನಿ ಅಂತಿದಾರೆ. ಕಂಡ ಹಲ್ಲನ್ನೇ ಮತ್ತೆ ಯಾಕೆ ನೋಡ್ಬೇಕು? ರೇಡಿಯೇಶನ್ ಭಯ ಬೇರೆ. ಗೊತ್ತಿರೋರು ಹೇಳಿ ಪ್ಲೀಸ್.

ಹಲ್ಲುಡಾಕ್ಟ್ರು:
ಮೇಡಂ, ಓಪಿಜಿ ಅಂದ್ರೆ ಇಡೀ ದವಡೇನ ಚಪ್ಪಟೆ ಮಾಡಿ ಹಾಳೆಗೆ ಅಂಟ್ಸಿದ ಹಾಗೆ. ಹಲ್ಲು ಎಷ್ಟು ಮೇಲಿದೆ ಎಷ್ಟು ವಾಲಿದೆ ಗೊತ್ತಾಗುತ್ತೆ, ಅಂಗುಳ ಕಡೆಗಿದ್ಯಾ ತುಟಿ ಕಡೆಗಿದ್ಯಾ ಅನ್ನೋದು ಖಚಿತವಾಗಿ ಹೇಳಕ್ಕಾಗಲ್ಲ. ಸರ್ಜನ್ ಎಲ್ಲಿಂದ ವಸಡು ಬಿಡಿಸ್ಬೇಕು, ಹಲ್ಲಿಗೆ ಚೈನ್ ಅಂಟ್ಸಿ ಯಾವ್ ದಿಕ್ಕಿಗೆ ಎಳೀಬೇಕು ಎಲ್ಲಾ ಅದ್ರ ಮೇಲೇ ನಿಂತಿರೋದು. ಹೆಚ್ಚಿನವು ಅಂಗುಳ ಕಡೆಗೇ ಇರ್ತವೆ ನಿಜ, ಹಾಗಂತ ಅಂದಾಜಲ್ಲಿ ಕೊಯ್ಯಕ್ಕಾಗುತ್ತಾ?

ಅದಕ್ಕಿಂತ ನಂಗೆ ಚಿಂತೆ ಪಕ್ಕದ ಬಾಚಿಹಲ್ಲಿನ ಬೇರಿಂದು. ಕೋರೆಹಲ್ಲು ಒತ್ತಿ ಒತ್ತಿ ಆ ಬೇರನ್ನ ಕರಗಿಸ್ತಾ ಇದ್ರೂ ಸಾಮಾನ್ಯವಾಗಿ ನೋವೇ ಇರಲ್ಲ, ಮುಂದ್ಗಡೆನೋ ಹಿಂದ್ಗಡೆನೋ ಕರಗಿದ್ರೆ ಓಪಿಜೀಲಿ ಮುಚ್ಚೋಗುತ್ತೆ. ಸ್ವೀಡನ್ನಿನ ಎರಿಕ್ಸನ್, ಕುರೋಲ್ ಇಬ್ರೂ 2000ದಲ್ಲಿ ದಾರಿ ತಪ್ಪಿದ ಕೋರೆಹಲ್ಲಿನ ಮಕ್ಕಳಿಗೆ ಸಿಟಿ ಸ್ಕ್ಯಾನ್ ಮಾಡಿ ನೋಡಿದ್ರೆ 48% ಮಕ್ಕಳಲ್ಲಿ ಬಾಚಿಹಲ್ಲಿನ ಬೇರು ಕರಗಿತ್ತು. ಮಾಮೂಲಿ ಎಕ್ಸ್‌ರೇಲಿ ಸಿಕ್ಕಿದ್ದು ಇದಕ್ಕಿಂತ ತುಂಬಾ ಕಮ್ಮಿ.

ಸುಮ್ನೆ_ಒಬ್ಬ:
ಎಲ್ರಿಗೂ ಸಿಬಿಸಿಟಿ ಬೇಕು ಅನ್ನೋದನ್ನ ನಾನ್ ಒಪ್ಪಲ್ಲ. ವಸಡಿನ ಹೊರಗಡೆ ಬೆರಳಿಟ್ರೆ ಒಳಗಿನ ಹಲ್ಲಿನ ಉಬ್ಬು ಕೈಗೇ ಸಿಗೋ ಕೇಸ್‌ಗಳಿವೆ. ಎಕ್ಸ್‌ರೇ ಬಿಡೋ ಟ್ಯೂಬನ್ನ ಪಕ್ಕಕ್ಕೆ ಸರಿಸಿ ಎರಡು ಸಣ್ಣ ಎಕ್ಸ್‌ರೇ ತೆಗೆದು ಹೋಲ್ಸೋ ಹಳೇ ವಿಧಾನನೂ ಇದೆ, ಟ್ಯೂಬ್ ಹೋದ ಕಡೆಗೇ ಹಲ್ಲೂ ಹೋದಂಗೆ ಕಂಡ್ರೆ ಅಂಗುಳ ಕಡೆ, ಉಲ್ಟಾ ಹೋದ್ರೆ ತುಟಿ ಕಡೆ. ಸ್ಕ್ಯಾನ್ ನೋಡಿದ್ಮೇಲೆ ಟ್ರೀಟ್ಮೆಂಟಲ್ಲಿ ಏನ್ ಬದಲಾಗ್ಬಹುದು ಅಂತ ಡಾಕ್ಟ್ರನ್ನ ಕೇಳಿ. ಸರಿಯಾಗಿ ಉತ್ರ ಕೊಟ್ರೆ ಮಾಡ್ಸಿ.

ಬೆಳದಿಂಗಳು:
ಉಬ್ಬು ಏನೂ ಸಿಗ್ತಿಲ್ಲ ಅಂದಿದ್ರು, ಓಪಿಜೀಲಿ ಕೋರೆಹಲ್ಲು, ಬಾಚಿಹಲ್ಲು ಎರಡೂ ಒಂದ್ರ ಮೇಲೊಂದು ಬಿದ್ದಂಗಿದೆ. ಹಾಗಾದ್ರೆ ಮಾಡ್ಸೋದೇ ಸರಿ ಅನ್ಸುತ್ತೆ. ರೇಡಿಯೇಶನ್?

ಎಕ್ಸ್‌ರೇ_ರೂಮು:
ನಾನು ಈ ಮಷೀನ್ ಮೇಲೇ ಕೆಲಸ ಮಾಡೋದು. ಡೋಸ್ ಓಪಿಜಿಗಿಂತ ಜಾಸ್ತಿನೇ, ಸುಳ್ ಹೇಳಲ್ಲ, ಆದ್ರೆ ಆಸ್ಪತ್ರೆಯ ದೊಡ್ಡ ಸಿಟಿಗೆ ಹೋಲಿಸಿದ್ರೆ ಬಹಳ ಕಮ್ಮಿ. ಸ್ಮಾಲ್ ಫೀಲ್ಡ್ ಅಂತ ಚೀಟೀಲಿ ಬರೆಸ್ಕೊಳ್ಳಿ, ಒಂದು ಹಲ್ಲಿಗೋಸ್ಕರ ಇಡೀ ತಲೆ ಬೇಡ. ಅಷ್ಟಕ್ಕೆ ಸಾಮಾನ್ಯವಾಗಿ ಕೆಲವು ಹತ್ತು ಮೈಕ್ರೋಸೀವರ್ಟ್ (ರೇಡಿಯೇಶನ್ ಅಳೆಯೋ ಮಾನ) ಆಗುತ್ತೆ, ಏನೂ ಮಾಡ್ಸದೆ ಸುಮ್ನಿದ್ರೂ ನೆಲದಿಂದ ಗಾಳಿಯಿಂದ ಮನುಷ್ಯನಿಗೆ ವರ್ಷಕ್ಕೆ ಸರಾಸರಿ 2400 ಬೀಳುತ್ತೆ. ಮಗು ಅಲ್ಲಾಡಿದ್ರೆ ಮತ್ತೆ ತೆಗೀಬೇಕಾಗುತ್ತೆ, ಅದೇ ಅನ್ಯಾಯದ ಡೋಸ್, ಆ ಕೆಲವೇ ಸೆಕೆಂಡು ಕಲ್ಲಾಗಿ ನಿಲ್ಲಕ್ಕೆ ಹೇಳಿ. ಹಲ್ಲಿಗೆ ಕ್ಲಿಪ್ ಹಾಕೋಕ್ ಮುಂಚೆನೇ ಮಾಡ್ಸಿ, ಆಮೇಲೆ ಲೋಹದ ಗೆರೆಗಳು ಬಂದು ಚಿತ್ರ ಕೆಡುತ್ತೆ. ಪ್ರಿಂಟ್ ಮಾತ್ರ ತಗೊಂಡ್ ಬರ್ಬೇಡಿ, ಡೈಕಾಮ್ ಫೈಲ್ (ಸ್ಕ್ಯಾನಿನ ಮೂಲ ಡಿಜಿಟಲ್ ಫೈಲ್) ಇಸ್ಕೊಳ್ಳಿ.

ಹಲ್ಲುಡಾಕ್ಟ್ರು:
ಒಂದ್ ಸೇರಿಸ್ತೀನಿ. ಹಲ್ಲು ಮೂಳೆಗೇ ಅಂಟ್ಕೊಂಡಿದ್ರೆ ಎಷ್ಟೆಳೆದ್ರೂ ಬರಲ್ಲ, ಅದನ್ನ ಸ್ಕ್ಯಾನ್ ಕೂಡ ಯಾವಾಗ್ಲೂ ಹಿಡಿಯಲ್ಲ, ಎಳೆಯಕ್ಕೆ ಶುರು ಮಾಡಿದ್ಮೇಲೇ ತಿಳಿಯೋದು.

ಬೆಳದಿಂಗಳು:
ಥ್ಯಾಂಕ್ಸ್ ಎಲ್ರಿಗೂ. ಇವಳ ತಮ್ಮನಿಗೆ 10, ಅವನಿಗೂ ಹೀಗೇ ಆಗ್ಬಹುದಾ?

ಹಲ್ಲುಡಾಕ್ಟ್ರು:
ಅಂಗುಳ ಕಡೆ ಉಳ್ಕೊಳ್ಳೋದು ಮನೆತನದಲ್ಲಿ ಬರೋದುಂಟು, ಹಾಗಾಗಿ ತೋರ್ಸಿ. ಈ ವಯಸ್ಸಲ್ಲಿ ಬೆರಳಲ್ಲಿ ಒತ್ತಿ ನೋಡಿದ್ರೇ ಉಬ್ಬು ಸಿಗ್ಬೇಕು. ಸಿಗದೆ ಎಕ್ಸ್‌ರೇಲಿ ದಾರಿ ತಪ್ಪಿರೋದು ಕಂಡ್ರೆ ಹಾಲಿನ ಕೋರೆಹಲ್ಲು ಕೀಳಿಸಿ ಕಾಯ್ತಾರೆ, ಅದೇ ಎರಿಕ್ಸನ್, ಕುರೋಲ್ ಇಬ್ಬರ 1988ರ ಅಧ್ಯಯನದಲ್ಲಿ 78% ಹಲ್ಲುಗಳು ತಾವಾಗೇ ಸರಿದಾರಿಗೆ ಬಂದಿದ್ವು. ಅವನಿಗೆ ಈಗ್ಲೇ ಸಿಬಿಸಿಟಿ ಬೇಡ.