ಮಾಸ್ಕ್ ಸೋತ ಮೇಲೆ ಮೆಕ್ಸಿಕೋ ಪೈಲ್ವಾನನ ಕಥೆ ಏನಾಗುತ್ತೆ?

ತಿಪಟೂರು ತೆಂಗು (ಪ್ರಶ್ನೆ):

ನಾವೆಲ್ಲ ಶಾಲೆಯಲ್ಲಿ ಡಬ್ಲ್ಯೂಡಬ್ಲ್ಯೂಇ ಕಾರ್ಡ್ ಆಡಿ ಬೆಳೆದವರು. ರೇ ಮಿಸ್ಟೀರಿಯೋ ಕಾರ್ಡ್ ಬಂದರೆ ಹೈಟು, ವೇಟು ಎರಡರಲ್ಲೂ ಸೋಲೇ ಗತಿ. ಆದರೂ ಅದನ್ನು ಯಾರಿಗೂ ಕೊಡುತ್ತಿರಲಿಲ್ಲ. ಮೊನ್ನೆ ಮಗನ ಜೊತೆ ಕೂತು 1999ರ ಒಂದು ಹಳೇ ವಿಡಿಯೋ ನೋಡಿದೆ. ಅದರಲ್ಲಿ ರೇ ಮಾಸ್ಕ್ ಇಲ್ಲದೆ ನಿಂತಿದ್ದಾನೆ! ಹಾಲುಗಲ್ಲದ ಹುಡುಗನ ಮುಖ. ಮಗನಿಗೆ ಒಂಬತ್ತು ವರ್ಷ. "ಅಪ್ಪಾ, ಇವನು ಅವನಲ್ಲ" ಅಂತ ಎದ್ದು ಹೋದ.

ಮೆಕ್ಸಿಕೋದಲ್ಲಿ ಮಾಸ್ಕನ್ನೇ ಪಣಕ್ಕಿಟ್ಟು ಆಡುತ್ತಾರೆ ಅಂತ ಆಮೇಲೆ ಗೊತ್ತಾಯಿತು. ಸೋತವನ ಕರಿಯರ್ ಅಲ್ಲಿಗೆ ಮುಗಿಯುತ್ತಾ? ಇನ್ನೊಂದು ಡೌಟು. ಯಾರು ಗೆಲ್ಲಬೇಕು ಅಂತ ಮೊದಲೇ ತೀರ್ಮಾನ ಆಗಿರುತ್ತೆ ಅಲ್ವಾ? ಹಾಗಿದ್ದ ಮೇಲೆ ಸೋಲೋಕೆ ಯಾರಾದರೂ ಯಾಕೆ ಒಪ್ಪುತ್ತಾರೆ?

ಗರಡಿ ಮಣ್ಣು, ದಾವಣಗೆರೆ:

ನಮ್ಮಜ್ಜ ಗರಡಿಯಲ್ಲಿ ಮಣ್ಣು ತಿಂದವರು. ಟಿವಿಯಲ್ಲಿ ಇದು ಬಂದರೆ "ಕಂಪನಿ ನಾಟಕ" ಅಂತ ಬಯ್ದು ಚಾನೆಲ್ ಬದಲಿಸುತ್ತಿದ್ದರು. ಸೋಲು ಗೆಲುವು ಬರೆದಿಟ್ಟ ಮೇಲೆ ಮಾಸ್ಕ್ ಹೋದರೇನು, ಇದ್ದರೇನು? ನಾಳೆ ಇನ್ನೊಂದು ಹೊಲಿಸಿಕೊಂಡರಾಯಿತು.

ಮೆಕ್ಸಿಕೋ ರಿಟರ್ನ್:

ಇನ್ನೊಂದು ಹೊಲಿಸಿಕೊಳ್ಳೋ ಹಾಗಿಲ್ಲ ಗರಡಿಯವರೇ, ವಿಷಯ ಇರೋದೇ ಅಲ್ಲಿ.

ಕೆಲಸದ ಮೇಲೆ ಎರಡು ವರ್ಷ ಮೆಕ್ಸಿಕೋ ಸಿಟಿಯಲ್ಲಿದ್ದೆ. ಶುಕ್ರವಾರ ರಾತ್ರಿ ಅರೇನಾ ಮೆಹಿಕೋಗೆ ಹೋಗೋದು ಚಟ ಆಗಿಬಿಟ್ಟಿತ್ತು. 1956ರಲ್ಲಿ ಶುರುವಾದ ಕುಸ್ತಿ ಸ್ಟೇಡಿಯಂ ಅದು, 16,000ಕ್ಕೂ ಜಾಸ್ತಿ ಜನ ಹಿಡಿಸುತ್ತಾರೆ. ಹೊರಗೆ ಫುಟ್‌ಪಾತ್ ತುಂಬ ಮಾಸ್ಕ್ ಅಂಗಡಿ. ಅಲ್ಲಿ ಪೈಲ್ವಾನರಲ್ಲಿ ಎರಡು ಪಕ್ಷ. ನಿಯತ್ತಾಗಿ ಆಡುವವನು ತೆಕ್ನಿಕೋ, ಮೋಸದಾಟದವನು ರೂದೋ.

ಒಂದು ಶುಕ್ರವಾರ ಮೂರನೇ ಸಾಲಿನಲ್ಲಿ ಸೀಟು ಸಿಕ್ಕಿತ್ತು. ಒಬ್ಬ ರೂದೋ ಎದುರಾಳಿಯ ತಲೆಯ ಹಿಂದೆ ಕೈ ಹಾಕಿ ಮಾಸ್ಕಿನ ದಾರ ಬಿಚ್ಚತೊಡಗಿದ. ಬೂಟಿನ ಲೇಸ್ ಥರ ಹೆಣೆದಿರುತ್ತೆ ಅದು. ಮಾಸ್ಕ್ ಕಿತ್ತರೆ ಕಿತ್ತವನೇ ಸೋತ ಹಾಗೆ, ನಿಯಮ. ಗೊತ್ತಿದ್ದೂ ಕಿತ್ತ. ಮಾಸ್ಕ್ ಹೋದವನು ತಕ್ಷಣ ಮಕಾಡೆ ಬಿದ್ದು ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡ. ಬೆನ್ನ ಮೇಲೆ ಒದೆ ಬಿದ್ದರೂ ಕೈ ತೆಗೆಯಲಿಲ್ಲ. ಜೊತೆಗಾರ ಓಡಿ ಬಂದು ಟವೆಲ್ ಹೊದಿಸಿದ. ನನ್ನ ಪಕ್ಕ ಒಬ್ಬ ಅಜ್ಜಿ ಕೂತಿದ್ದರು. ಅಲ್ಲಿಯವರೆಗೆ ಇಬ್ಬರಿಗೂ ಬಾಯಿಗೆ ಬಂದ ಹಾಗೆ ಬಯ್ಯುತ್ತಿದ್ದವರು ಮುಖ ಆಚೆ ತಿರುಗಿಸಿಬಿಟ್ಟರು. ಯಾರದೋ ಮನೆಯ ಬಚ್ಚಲ ಬಾಗಿಲು ತೆರೆದುಕೊಂಡರೆ ನಾವು ತಿರುಗುತ್ತೇವಲ್ಲ, ಹಾಗೆ.

ಇದು ಮಾಮೂಲಿ ಶುಕ್ರವಾರದ ಆಟ. ಪಣದ ಕುಸ್ತಿಯೇ ಬೇರೆ. ಮಾಸ್ಕಿಗೆ ಮಾಸ್ಕ್, ಇಲ್ಲಾ ಮಾಸ್ಕಿಗೆ ತಲೆಕೂದಲು. ಕೂದಲು ಸೋತವನ ತಲೆಯನ್ನು ರಿಂಗಿನಲ್ಲೇ ಬೋಳಿಸುತ್ತಾರೆ, ಆರು ತಿಂಗಳಲ್ಲಿ ಮತ್ತೆ ಬೆಳೆಯುತ್ತೆ. ಮಾಸ್ಕ್ ಸೋತವನು ಅದನ್ನು ತೆಗೆದು ಗೆದ್ದವನ ಕೈಗೆ ಕೊಡಬೇಕು. ಹುಟ್ಟಿದ ಹೆಸರು, ಊರು, ಎಷ್ಟು ವರ್ಷದಿಂದ ಕುಸ್ತಿ ಆಡುತ್ತಿದ್ದಾನೆ, ಎಲ್ಲ ಬಯಲಾಗುತ್ತೆ. ಆ ಮಾಸ್ಕನ್ನು ಆಮೇಲೆ ಹಾಕುವ ಹಾಗಿಲ್ಲ. ಇದನ್ನೆಲ್ಲ ನೋಡಿಕೊಳ್ಳೋಕೆ ಅಲ್ಲಿ ಒಂದು ಕುಸ್ತಿ ಕಮಿಷನ್ನೇ, ಅಂದರೆ ಆಯೋಗವೇ ಇದೆ. ಅಂದರೆ ಸೋಲು ಬರೆದಿಟ್ಟಿದ್ದೇ ಇರಬಹುದು, ಆದರೆ ಮುಖ ಗುಟ್ಟಾಗಿ ಉಳಿಯೋದು ಅವತ್ತೇ ಕೊನೆ.

ಯಾಕೆ ಒಪ್ಪುತ್ತಾರೆ ಅಂದ್ರಲ್ಲ, ದುಡ್ಡಿಗೆ. ಪಿತ್ರಾರ್ಜಿತ ಹೊಲದ ಹಾಗೆ ಮಾಸ್ಕ್, ಒಂದೇ ಸಲ ಮಾರಬಹುದು. ಬುದ್ಧಿವಂತರು ರೇಟ್ ಬರೋವರೆಗೆ ಕಾಯುತ್ತಾರೆ. ಮೂವತ್ತು ವರ್ಷ ಆಡಿದ ವಿಯಾನೋ ಟೆರ್ಸೆರೋ ತನ್ನ ಮಾಸ್ಕನ್ನು 2000ದ ಮಾರ್ಚಲ್ಲಿ ಅತ್ಲಾಂತಿಸ್ ಅನ್ನೋ ಪೈಲ್ವಾನನಿಗೆ ಸೋತ. ಇವತ್ತಿಗೂ ಆ ಕುಸ್ತಿ ನೆನೆಸಿಕೊಂಡು ಕಣ್ಣು ಒರೆಸಿಕೊಳ್ಳುವವರನ್ನು ನೋಡಿದ್ದೇನೆ. ಇನ್ನು ಕರಿಯರ್ ಮುಗಿಯುತ್ತಾ ಅಂದರೆ, ಲಾ ಸೋಂಬ್ರಾನನ್ನು ನೋಡಿ. 2015ರ ಸೆಪ್ಟೆಂಬರಲ್ಲಿ ಅದೇ ಅತ್ಲಾಂತಿಸ್ ಅವನ ಮಾಸ್ಕ್ ತೆಗೆಸಿದ. ಹುಡುಗನಿಗೆ ಆಗ 25. ಸ್ವಲ್ಪ ದಿನಕ್ಕೇ ಅಮೆರಿಕಕ್ಕೆ ಹೋದ. ನಿಮ್ಮ ಮಗ ಡಬ್ಲ್ಯೂಡಬ್ಲ್ಯೂಇಯಲ್ಲಿ ನೋಡಿರೋ ಆಂಡ್ರಾಡೆ ಇವನೇ.

ಸೋಲದೇ ಇದ್ದವನ ಕಥೆ ಇನ್ನೂ ವಿಚಿತ್ರ. ಎಲ್ ಸಾಂತೋ ಅಂತ, ಬೆಳ್ಳಿ ಬಣ್ಣದ ಮಾಸ್ಕ್. ನಿಜ ಹೆಸರು ರೊದೋಲ್ಫೋ ಗುಸ್ಮಾನ್, 1917ರಲ್ಲಿ ತುಲಾನ್ಸಿಂಗೋ ಊರಲ್ಲಿ ಹುಟ್ಟಿದವನು. ಮೊದಲು 'ಎರಡನೇ ಬಾವಲಿ' ಅಂತ ಹೆಸರಿಟ್ಟುಕೊಂಡು ಆಡುತ್ತಿದ್ದ. ಮೊದಲನೇ ಬಾವಲಿ ಕಮಿಷನ್‌ಗೆ ದೂರು ಕೊಟ್ಟ, ಹೆಸರು ಹೋಯಿತು. 1942ರಲ್ಲಿ ಸಾಂತೋ ಆದ. ಸಾಂತೋ ಅಂದರೆ ಸಂತ. ಆದರೆ ಸುಮಾರು 20 ವರ್ಷ ಆಡಿದ್ದೆಲ್ಲ ರೂದೋ ಆಟ! 1952ರಲ್ಲಿ ಬ್ಲ್ಯಾಕ್ ಶ್ಯಾಡೋ ಅನ್ನೋ ಪೈಲ್ವಾನನ ಮಾಸ್ಕ್ ಗೆದ್ದ. ಅದೇ ವರ್ಷ ಅವನನ್ನು ಹೀರೋ ಮಾಡಿ ಕಾಮಿಕ್ಸ್ ಪುಸ್ತಕ ಬರೋಕೆ ಶುರುವಾಯಿತು. ರಿಂಗಿನಲ್ಲಿ ಕಣ್ಣಿಗೆ ಬೆರಳು ಹಾಕುವವನು, ಪುಸ್ತಕದಲ್ಲಿ ಊರು ಕಾಯುವವನು. ಜನಕ್ಕೆ ಇದರಲ್ಲಿ ಏನೂ ತೊಂದರೆ ಕಾಣಲಿಲ್ಲ. 50ಕ್ಕೂ ಜಾಸ್ತಿ ಸಿನಿಮಾ ಮಾಡಿದ, ಎಲ್ಲದರಲ್ಲೂ ಮಾಸ್ಕ್.

ನನಗೆ ಬೆರಗಾಗೋದು ಅವನ ದಿನದ ಪಾಡು. ನಾಲ್ಕು ಜನರ ಮುಂದೆ ಊಟ ಮಾಡೋಕೆ ಗದ್ದದ ಹತ್ತಿರ ತೆರೆದ ಬೇರೆ ಮಾಸ್ಕ್ ಇತ್ತು. ಶೂಟಿಂಗ್‌ಗೆ ಹೊರದೇಶಕ್ಕೆ ಹೋಗಬೇಕಾದರೆ ತಂಡದವರ ವಿಮಾನ ಬಿಟ್ಟು ಬೇರೆ ವಿಮಾನ ಹತ್ತುತ್ತಿದ್ದ. ಏರ್‌ಪೋರ್ಟಿನ ತಪಾಸಣೆಯಲ್ಲಿ ಮಾಸ್ಕ್ ತೆಗೀಬೇಕಲ್ಲ, ಜೊತೆಯವರು ನೋಡಬಾರದು ಅಂತ. 1982ರಲ್ಲಿ ನಿವೃತ್ತಿ. 1984ರ ಜನವರಿಯಲ್ಲಿ ಒಂದು ಟಿವಿ ಕಾರ್ಯಕ್ರಮದಲ್ಲಿ ಇದ್ದಕ್ಕಿದ್ದ ಹಾಗೆ ಮಾಸ್ಕನ್ನು ಅರ್ಧ ಮೇಲೆತ್ತಿ ತೋರಿಸಿದ. ಫೆಬ್ರವರಿ 5ಕ್ಕೆ ಹೃದಯಾಘಾತದಿಂದ ತೀರಿಕೊಂಡ. ಮಣ್ಣು ಮಾಡಿದ್ದು ಮಾಸ್ಕ್ ಸಮೇತ.

ತಿಪಟೂರು ತೆಂಗು:

ಥ್ಯಾಂಕ್ಸ್ ಅಣ್ಣ, ಮಗನಿಗೆ ಓದಿ ಹೇಳಿದೆ. ಅವನದು ಒಂದೇ ಪ್ರಶ್ನೆ. ಸೋತ ಮಾಸ್ಕ್ ಮತ್ತೆ ಹಾಕೋ ಹಾಗಿಲ್ಲ ಅಂದರೆ ರೇ ಹೇಗೆ ಹಾಕಿದ?

ಮೆಕ್ಸಿಕೋ ರಿಟರ್ನ್:

ಹುಡುಗ ಲಾಯರ್ ಆಗುತ್ತಾನೆ ಬಿಡಿ. ರೇ ಹುಟ್ಟಿದ್ದು ಗಡಿಯ ಆಚೆ, ಕ್ಯಾಲಿಫೋರ್ನಿಯಾದಲ್ಲಿ. ಕಲಿತಿದ್ದು ಈಚೆ ತಿಹುವಾನಾದಲ್ಲಿ, ಮಾವನ ಹತ್ತಿರ. ಹೆಸರೂ ಮಾವನದ್ದೇ. 1999ರ ಫೆಬ್ರವರಿಯಲ್ಲಿ ಮಾಸ್ಕ್ ಸೋತಿದ್ದು ಮೆಕ್ಸಿಕೋದಲ್ಲಲ್ಲ, ಅಮೆರಿಕದ ಡಬ್ಲ್ಯೂಸಿಡಬ್ಲ್ಯೂ ಕಂಪನಿಯ ರಿಂಗಿನಲ್ಲಿ. 2002ರಲ್ಲಿ ಡಬ್ಲ್ಯೂಡಬ್ಲ್ಯೂಇಗೆ ಬಂದಾಗ ಮತ್ತೆ ಹಾಕಿಕೊಂಡೇ ಬಂದ. ಅದಿಲ್ಲದಿದ್ದರೆ ನಿಮ್ಮ ಕಾರ್ಡ್ ಯಾರು ಕೊಳ್ಳುತ್ತಿದ್ದರು? ಆ ಅಜ್ಜಿಗೂ ಒಮ್ಮೆ ಇದನ್ನೇ ಕೇಳಿದ್ದೆ. ಪಾಪ್‌ಕಾರ್ನ್ ಅಗಿಯುತ್ತಾ "ಸೋತಿದ್ದು ಸೋತಿದ್ದೇ" ಅಂದರು. ಮುಖ ನೋಡಿದರೆ ನಾನೇ ಏನೋ ಕದ್ದ ಹಾಗಿತ್ತು.

ಗರಡಿ ಮಣ್ಣು, ದಾವಣಗೆರೆ:

ಬಚ್ಚಲ ಬಾಗಿಲು ಅಂದಿರಲ್ಲ, ಈಗ ತಿಳೀತು. ಅಖಾಡದಲ್ಲಿ ಲಂಗೋಟಿ ಬಿಚ್ಚಿದ ಹಾಗೆ. ಅದಾದರೆ ನಮ್ಮಜ್ಜನೂ ಒಪ್ಪುತ್ತಿದ್ದರು. ನಾಟಕ ಅನ್ನೋದು ಮಾತ್ರ ಬಿಡುತ್ತಿರಲಿಲ್ಲ. ಅಂದ ಹಾಗೆ, ಅಷ್ಟು ಅಂಗಡಿ ನೋಡಿದವರು ಒಂದಾದರೂ ಮಾಸ್ಕ್ ತಂದ್ರೋ ಇಲ್ಲವೋ?

ಮೆಕ್ಸಿಕೋ ರಿಟರ್ನ್:

ತಂದೆ. ಸಾಂತೋದೇ. ಅಂಗಡಿಯವನು 100 ಪೆಸೋ ಹೇಳಿದ, 80ಕ್ಕೆ ಕೊಟ್ಟ. ಅಕ್ಕನ ಮಗ ಎರಡು ದಿನ ಹಾಕಿಕೊಂಡು ಓಡಾಡಿ, ಸೆಕೆ ಅಂತ ಬಿಸಾಕಿದ. ಆಗ ನಮ್ಮ ಮನೆ ಕಟ್ಟಿಸುತ್ತಿದ್ದೆವು. ಅಮ್ಮ ಅದರೊಳಗೆ ಹುಲ್ಲು ತುಂಬಿ, ಹಳೇ ಅಂಗಿ ತೊಡಿಸಿ, ಮುಂದುಗಡೆ ದೃಷ್ಟಿಬೊಂಬೆ ಮಾಡಿ ನೇತುಹಾಕಿದರು. ಗೃಹಪ್ರವೇಶ ಆಗಿ ಮೂರು ವರ್ಷ ಆಯಿತು. ಮಳೆಗೆ ಬೆಳ್ಳಿ ಬಣ್ಣ ಪೂರ್ತಿ ಹೋಗಿದೆ. ಇನ್ನೂ ಯಾರೂ ಬಿಚ್ಚಿಲ್ಲ.