ಸಹಾಯ ಬೇಕು: 1779ರ ಡಚ್ ಮಹಾಕಾವ್ಯದ ಚಿತ್ರಪುಟಗಳ ಬಗ್ಗೆ

ಮಾನ್ಯರೇ, ಲೈಡನ್‌ನಲ್ಲಿ ನೆಲೆಸಿರುವ ನಾನು, ಕವಯಿತ್ರಿ ಲುಕ್ರೇಷಿಯಾ ವಿಲ್ಹೆಲ್ಮಿನಾ ಫಾನ್ ಮೆರ್ಕೆನ್ ಅವರು ರೋಮನ್ ಸೇನಾಪತಿಯನ್ನು ನಾಯಕನನ್ನಾಗಿಸಿ ಹದಿನಾರು ಸರ್ಗಗಳಲ್ಲಿ ರಚಿಸಿದ ‘ಜರ್ಮಾನಿಕಸ್’ ಕಾವ್ಯದ 1779ರ ಆಮ್‌ಸ್ಟರ್‌ಡ್ಯಾಂ ಮುದ್ರಣದ ಪ್ರತಿಯೊಂದನ್ನು ಇತ್ತೀಚೆಗೆ ಹಳೆಯ ಪುಸ್ತಕದಂಗಡಿಯಲ್ಲಿ ಕೊಂಡೆ. ಕಾಗದ ಇಂದಿಗೂ ಗಟ್ಟಿಯಾಗಿದೆ. ಚಿಂದಿಬಟ್ಟೆಯಿಂದ ಮಾಡಿದ ಕಾಗದದ ಗುಣವೇ ಅದು. ಆದರೆ ಚಿತ್ರಪುಟಗಳ ಅಂಚಿನಲ್ಲಿ ಕಂದು ಚುಕ್ಕೆಗಳೆದ್ದಿವೆ, ಮತ್ತು ಒಂದೆಡೆ ಹೊಲಿಗೆಯ ಬಳಿ ಕತ್ತರಿಸಿದ ಹಾಳೆಯ ಬುಡ ಮಾತ್ರ ಉಳಿದಿದೆ. ಅಂಗಡಿಯವರೇನೋ ಪ್ರತಿ ಪೂರ್ಣವೆಂದೇ ಹೇಳಿದ್ದರು. ಈ ಮುದ್ರಣದ ಸಂಪೂರ್ಣ ಪ್ರತಿಯನ್ನು ನೋಡಿದವರಿದ್ದರೆ, ಯಾವ ಯಾವ ಸರ್ಗದ ಎದುರು ಚಿತ್ರವಿರಬೇಕೆಂಬುದನ್ನು ದಯವಿಟ್ಟು ತಿಳಿಸಿ. ಚುಕ್ಕೆಗಳನ್ನು ತೆಗೆಸದೆ ಹಾಗೆಯೇ ಬಿಡುವುದು ಲೇಸೇ ಎಂಬುದನ್ನು ಹಳೆಯ ಕಾಗದದ ಕೆಲಸ ಬಲ್ಲವರು ಹೇಳಿದರೆ ಉಪಕಾರವಾಗುತ್ತದೆ.