ನೆಟ್‌ವರ್ಕ್ ಸಿಮ್ಯುಲೇಶನ್ ಪ್ರಶ್ನೋತ್ತರ: ಇವತ್ತು ರೇಖಾ ಮೇಡಂ ಜೊತೆ

ಅಡ್ಮಿನ್: ನೆಟ್‌ವರ್ಕನ್ನು ನಿಜವಾಗಿ ಕಟ್ಟದೆ ಸಾಫ್ಟ್‌ವೇರ್‌ನಲ್ಲೇ ಓಡಿಸಿ ನೋಡುವ ಬಗ್ಗೆ ಕೇಳಬಹುದು. ಮೇಡಂ ರಾತ್ರಿ 9ರವರೆಗೆ ಇರುತ್ತಾರೆ. ಒಬ್ಬರಿಗೆ ಒಂದೇ ಪ್ರಶ್ನೆ.

ಮಂಜು: ನಮಸ್ಕಾರ ಮೇಡಂ. ಸಿಮ್ಯುಲೇಟರ್‌ಗಳಲ್ಲಿ ಎನ್‌ಎಸ್-2 ಕಲಿಯಲಾ, ಎನ್‌ಎಸ್-3 ಕಲಿಯಲಾ?

ರೇಖಾ: ನಮಸ್ಕಾರ. ಎನ್‌ಎಸ್-3 ಕಲಿಯಿರಿ. ಎನ್‌ಎಸ್-2ರ ಕೊನೆಯ ಆವೃತ್ತಿ 2.35 ಬಂದಿದ್ದು 2011ರಲ್ಲಿ. ಹೆಸರು ಒಂದೇ ಥರ ಇದ್ದರೂ ಅದರ ಟಿಸಿಎಲ್ ಭಾಷೆಯ ಸ್ಕ್ರಿಪ್ಟ್ ಎನ್‌ಎಸ್-3ರಲ್ಲಿ ಓಡುವುದಿಲ್ಲ.

ಸಹನಾ: ಮೇಡಂ, ಎನ್‌ಎಸ್-3ರಲ್ಲಿ 20 ನೋಡ್‌ಗಳ (ಸಾಧನಗಳ) ವೈಫೈ ಅಡ್‌ಹಾಕ್ ನೆಟ್‌ವರ್ಕ್ (ನಡುವೆ ರೂಟರ್ ಇಲ್ಲ), ಬೇಕಾದಾಗ ಮಾತ್ರ ದಾರಿ ಹುಡುಕುವ ಎಒಡಿವಿ ರೂಟಿಂಗ್, 10 ಸೆಕೆಂಡಿನ ಸಿಮ್ಯುಲೇಶನ್. ಪ್ಯಾಕೆಟ್ ಲೆಕ್ಕ ಇಡುವ ಫ್ಲೋ ಮಾನಿಟರ್‌ನಲ್ಲಿ ಲಾಸ್ಟ್ ಪ್ಯಾಕೆಟ್ (ಕಳೆದುಹೋದ ಡೇಟಾ ತುಂಡು) ಸೊನ್ನೆ. ಎಷ್ಟು ಸಲ ಓಡಿಸಿದರೂ ಅದೇ ಅಂಕಿ. ಗೈಡ್ ಖುಷಿಯಾಗಿ ಪೇಪರ್ ಕಳಿಸು ಅಂದರು. ಆದರೆ ಥ್ರೂಪುಟ್, ಅಂದರೆ ಸೆಕೆಂಡಿಗೆ ಮುಟ್ಟುವ ಡೇಟಾ, ಅರ್ಧಕ್ಕರ್ಧ ಕಡಿಮೆ ಇದೆ.

ರೇಖಾ: ಪೇಪರ್ ಈಗಲೇ ಕಳಿಸಬೇಡಿ. ಇಲ್ಲಿ ಎರಡು ವಿಷಯ ಇವೆ. ವಿಳಾಸ ನೋಡಿ ಮುಂದೆ ಕಳಿಸುವ ಐಪಿ ಪದರದಲ್ಲಿ ಬಿದ್ದುಹೋದ ಪ್ಯಾಕೆಟ್ ಫ್ಲೋ ಮಾನಿಟರ್‌ಗೆ ತಕ್ಷಣ ಗೊತ್ತಾಗುತ್ತದೆ. ವೈಫೈ ಮಟ್ಟದಲ್ಲಿ ಡಿಕ್ಕಿಯಾಗಿ ಹೋದದ್ದು ಗೊತ್ತಾಗುವುದಿಲ್ಲ. ಅದಕ್ಕೆ ಗಡುವು ಮೀರುವ ತನಕ ಕಾಯುತ್ತದೆ. ಆ ಗಡುವು, ಅಂದರೆ ಮ್ಯಾಕ್ಸ್ ಪರ್ ಹಾಪ್ ಡಿಲೇ, ನಾವು ಬದಲಿಸದಿದ್ದರೆ 10 ಸೆಕೆಂಡು. ನಿಮ್ಮ ಸಿಮ್ಯುಲೇಶನ್ನೇ 10 ಸೆಕೆಂಡು! ಕಳೆದದ್ದನ್ನು ಎಣಿಸುವ ಮುಂಚೆಯೇ ಎಲ್ಲ ಮುಗಿದಿದೆ. ಪ್ಯಾಕೆಟ್ ಕಳಿಸುವುದು ನಿಂತ ಮೇಲೂ 10 ಸೆಕೆಂಡಿಗಿಂತ ಜಾಸ್ತಿ ಓಡಲಿ. ಅಂಕಿ ತೆಗೆಯುವ ಮುಂಚೆ ಚೆಕ್ ಫಾರ್ ಲಾಸ್ಟ್ ಪ್ಯಾಕೆಟ್ಸ್ ಎಂಬ ಫಂಕ್ಷನ್ ಕರೆಯಿರಿ. ಡೆಲಿವರಿ ಪ್ರಮಾಣಕ್ಕೆ ಮುಟ್ಟಿದ್ದನ್ನು ಕಳಿಸಿದ್ದರಿಂದ ಭಾಗಿಸಿ.

ಅದೇ ಅಂಕಿ ಬರುವುದಕ್ಕೆ ಕಾರಣ, ರ‍್ಯಾಂಡಮ್ ಸಂಖ್ಯೆಗಳು ಎಲ್ಲಿಂದ ಶುರು ಎಂದು ಹೇಳುವ ಸೀಡ್ ಮತ್ತು ಎಷ್ಟನೇ ಓಟ ಎಂದು ಹೇಳುವ ರನ್ ನಂಬರ್, ನಾವು ಬದಲಿಸದಿದ್ದರೆ ಎರಡೂ 1 ಎಂದೇ ಇರುತ್ತವೆ. ಬೇರೆಯವರು ಓಡಿಸಿದರೂ ನಿಮ್ಮ ಫಲಿತಾಂಶವೇ ಬರಲಿ ಎಂದು ಬೇಕಂತಲೇ ಹಾಗೆ ಇಟ್ಟಿದ್ದಾರೆ. ರನ್ ನಂಬರ್ ಬದಲಿಸುತ್ತಾ ಓಡಿಸಿ, ಸರಾಸರಿಯ ಜೊತೆ ಕಾನ್ಫಿಡೆನ್ಸ್ ಇಂಟರ್ವಲ್ (ನಿಜವಾದ ಸರಾಸರಿ ಇರಬಹುದಾದ ವ್ಯಾಪ್ತಿ) ಕೊಡಿ.

ಇರ್ಫಾನ್: ಫಾರ್ವರ್ಡ್ ಬಂದಿದ್ದು: "ಸೀಡ್ ಜಾಗದಲ್ಲಿ ಟೈಮ್ ಹಾಕಿ, ಪ್ರತಿ ಸಲ ಹೊಸ ಫಲಿತಾಂಶ ಗ್ಯಾರಂಟಿ!!"

ರೇಖಾ: ಬೇಡ. ನಾಳೆ ರಿವ್ಯೂನಲ್ಲಿ ಅದೇ ಗ್ರಾಫ್ ಮತ್ತೆ ತೆಗೆದು ತೋರಿಸಿ ಅಂದರೆ ಏನು ಮಾಡುತ್ತೀರಿ? ಸೀಡ್ ಮುಟ್ಟಬೇಡಿ, ರನ್ ನಂಬರ್ ಬದಲಿಸಿ.

ಗಿರೀಶ್: ಮೇಡಂ, ಓಮ್ನೆಟ್ ಪ್ಲಸ್ ಪ್ಲಸ್ ಸಿಮ್ಯುಲೇಟರ್‌ನಲ್ಲಿ ವಾಹನಗಳ ನೆಟ್‌ವರ್ಕ್ ಮಾಡಬೇಕು. ರಸ್ತೆ ಸಂಚಾರದ ಸಿಮ್ಯುಲೇಟರ್ ಸುಮೋ ಮತ್ತು ಈ ಎರಡನ್ನೂ ಬೆಸೆಯುವ ವೇನ್ಸ್ ಜೋಡಿಸುವುದು ಹೇಗೆ?

ದೀಪಕ್: ಎನ್‌ಎಸ್-2 ಒಳ್ಳೆಯದಾ, ಎನ್‌ಎಸ್-3 ಒಳ್ಳೆಯದಾ?

ರೇಖಾ: ಮೇಲೆ ಓದಿ.

ನವೀನ್: ಇದೆಲ್ಲ ಯಾಕೆ? ಪ್ಯಾಕೆಟ್ ಟ್ರೇಸರ್ ಕಲಿಯಿರಿ, ಕೆಲಸ ಸಿಗುತ್ತೆ.

ಸುಮಾ: ಅದು ಸಿಸ್ಕೋ ಕಂಪನಿಯ ರೂಟರ್ ಕಮಾಂಡ್ ಅಭ್ಯಾಸಕ್ಕೆ ಸರ್. ನಾವೇ ಬರೆದ ಪ್ರೋಟೋಕಾಲ್ ಅದರಲ್ಲಿ ಹಾಕೋಕಾಗುತ್ತಾ?

ಇರ್ಫಾನ್: ಒಂದೇ ಕಂಪ್ಯೂಟರಿನಲ್ಲಿ ವರ್ಚುವಲ್ ನೆಟ್‌ವರ್ಕ್ ಎಬ್ಬಿಸುವ ಮಿನಿನೆಟ್ ನಿಜವಾದ ಲಿನಕ್ಸ್ ಕರ್ನಲ್ ಬಳಸುತ್ತೆ. ಸಿಮ್ಯುಲೇಶನ್ ಬರೀ ಕಾಗದದ ಲೆಕ್ಕ.

ಸುಮಾ: ನಿಮ್ಮ ಲ್ಯಾಪ್‌ಟಾಪ್‌ನಲ್ಲಿ ಐನೂರು ಹೋಸ್ಟ್ ಎಬ್ಬಿಸಿ ನೋಡಿ. ಬರುವ ಡಿಲೇ ನೆಟ್‌ವರ್ಕಿನದಾ, ನಿಮ್ಮ ಸಿಪಿಯುದಾ?

ಇರ್ಫಾನ್: ನಿಮ್ಮನ್ನ ಕೇಳಿದ್ನಾ?

ಸುಮಾ: ಗ್ರೂಪಿಗೆ ಹಾಕಿದ್ದು ನೀವೇ ಅಲ್ವಾ?

ಚೇತನ್: ಎನ್‌ಎಸ್-3 ಬಿಲ್ಡ್ ಮಾಡೋಕೆ ವಾಫ್ ಕಮಾಂಡ್ ಹೊಡೆದರೆ ಫೈಲೇ ಇಲ್ಲ ಅನ್ನುತ್ತೆ. ರೂಟ್ ಫೋಲ್ಡರ್‌ನಿಂದ ಹಿಡಿದು ಎಲ್ಲಕ್ಕೂ 777 ಪರ್ಮಿಷನ್ (ಯಾರು ಬೇಕಾದರೂ ಓದಬಹುದು, ಬದಲಿಸಬಹುದು, ಓಡಿಸಬಹುದು) ಕೊಟ್ಟರೆ ಸರಿಹೋಗುತ್ತೆ ಅಂತ ಫಾರ್ವರ್ಡ್ ಬಂದಿದೆ.

ರೇಖಾ: ಇನ್ನೂ ಓಡಿಸಿಲ್ಲ ತಾನೇ? ಅದನ್ನು ಕೊಟ್ಟರೆ ಅಡ್ಮಿನ್ ಅಧಿಕಾರ ಕೊಡುವ ಸುಡೋ ಕಮಾಂಡ್ ಕೂಡ ಕೈಕೊಡುತ್ತದೆ. ಎನ್‌ಎಸ್-3ರ 3.36 ಆವೃತ್ತಿಯಿಂದ ವಾಫ್ ತೆಗೆದು ಅದರ ಬದಲು ಸಿಮೇಕ್ ತಂದಿದ್ದಾರೆ, ಅಷ್ಟೇ ಸಮಸ್ಯೆ. ಈ ಫಾರ್ವರ್ಡ್ ಮಾಡುವವರು ಮೊದಲು ತಮ್ಮ ಮೆಷಿನ್ನಿನಲ್ಲಿ ಓಡಿಸಿ ನೋಡಲಿ.

ಚೇತನ್: ಓಡಿಸಿಬಿಟ್ಟೆ ಮೇಡಂ.

ರೇಖಾ: ಫೈಲ್‌ಗಳನ್ನು ಬೇರೆ ಕಡೆ ಉಳಿಸಿಕೊಂಡು ಲಿನಕ್ಸ್ ಮತ್ತೆ ಹಾಕಿ.

ಪವನ್: ಸೆನ್ಸರ್ ನೆಟ್‌ವರ್ಕಿನ ಲೀಚ್ ಪ್ರೋಟೋಕಾಲ್‌ನ ರೆಡಿ ಕೋಡ್ ಜಿಪ್ ಇದೆಯಾ? ಅರ್ಜೆಂಟ್.

ರೇಖಾ: ಇಲ್ಲ.

ಸಹನಾ: ಮೇಡಂ, ನೀವು ಹೇಳಿದ ಹಾಗೆ ಓಡಿಸಿದೆ. ಈಗ ನಷ್ಟ ಜಾಸ್ತಿ ಕಾಣುತ್ತಿದೆ. ಗೈಡ್ ಹಳೆಯ ಅಂಕಿಯೇ ಇರಲಿ ಅನ್ನುತ್ತಾರೆ.

ರೇಖಾ: ಹಳೆಯದು ತಪ್ಪು, ಹಾಕಬೇಡಿ. ನೋಡ್‌ಗಳೆಲ್ಲ ಒಂದೇ ಕ್ಷಣದಲ್ಲಿ ಕಳಿಸಲು ಶುರುಮಾಡುತ್ತವೆಯಾ?

ಸಹನಾ: ಹೌದು, 1.0 ಸೆಕೆಂಡಿಗೆ.

ರೇಖಾ: ಹಾಗಾದರೆ ದಾರಿ ಹುಡುಕುವ ಬ್ರಾಡ್‌ಕಾಸ್ಟ್‌ಗಳು ಒಟ್ಟಿಗೆ ಹೊರಟು ಡಿಕ್ಕಿ ಹೊಡೆಯುತ್ತಿರಬಹುದು. ಬ್ರಾಡ್‌ಕಾಸ್ಟ್‌ಗೆ ವೈಫೈಯಲ್ಲಿ ಅಕ್‌ನಾಲೆಜ್‌ಮೆಂಟ್ (ಮುಟ್ಟಿತು ಎಂಬ ಉತ್ತರ) ಇಲ್ಲ, ಹೋದರೆ ಹೋಯಿತು. ಶುರುವಾಗುವ ಹೊತ್ತನ್ನು ರ‍್ಯಾಂಡಮ್ ಮಾಡಿ, ಈಗಿನದು, ಆಗ ಬರುವುದು ಎರಡೂ ಫಲಿತಾಂಶಗಳನ್ನು ಗೈಡ್‌ಗೆ ತೋರಿಸಿ.

ನವೀನ್: ಅದಕ್ಕೇ ಹೇಳಿದ್ದು, ಪ್ಯಾಕೆಟ್ ಟ್ರೇಸರ್.

ಸುಮಾ: ಅಯ್ಯೋ ದೇವರೇ.

ಗಿರೀಶ್: ಮೇಡಂ, ನನ್ನ ವೇನ್ಸ್ ಪ್ರಶ್ನೆ?

ಅಡ್ಮಿನ್: 9 ಆಯಿತು, ಮುಚ್ಚುತ್ತಿದ್ದೇನೆ. ಇರ್ಫಾನ್, ಸುಮಾ, ಇನ್ನೂ ಜಗಳ ಇದ್ದರೆ ಪರ್ಸನಲ್‌ನಲ್ಲಿ ಆಡಿಕೊಳ್ಳಿ.